ಬರೋಡದ ಖಾನ್ ಸಾಹೇಬರೂ ಸದ್ದಿನ ಏರಿಳಿತವೂ

ಉಸ್ತಾದ್ ಫಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಕಿ', ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ಕೊಟ್ಟದ್ದು ಮೈಸೂರು ಅರಮನೆ. ಬದುಕಿದ್ದು ಮಾತ್ರ ಇಲ್ಲಿ ವಡೋದರದಲ್ಲಿ, ಗಾಯಕವಾಡರ ಆಸ್ಥಾನ ಗಾಯಕರಾಗಿ. 1950ರಲ್ಲಿ ತೀರಿಕೊಂಡದ್ದೂ ಇದೇ ಊರಲ್ಲಿ. (ಈ ನಂಟು ಅವರಿಂದ ಶುರುವಾದದ್ದಲ್ಲ. 1886ರಲ್ಲಿ ಇಲ್ಲಿ ಗಾಯನಶಾಲೆ ಕಟ್ಟಿದ ಮೌಲಾ ಬಕ್ಷರೂ ಮೈಸೂರಿನ ಸಂಗೀತದ ಋಣ ಹೊತ್ತು ಬಂದವರೇ.)

ಆಗ್ರಾ ಘರಾನೆಯ ನೋಂ-ತೋಂ ಆಲಾಪ ಮಂದ್ರದಲ್ಲಿ ಮೆಲ್ಲಗೆ ಹೊರಟು, ಗುಡುಗಿನಂಥ ಕರೆಗೆ ಏರುತ್ತದೆ. ಅದನ್ನು 78 ಆರ್‌ಪಿಎಂ ಅರಗಿನ ತಟ್ಟೆಗೆ ತುಂಬುವುದು ಹೇಗೆ? ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ದನಿ ತೀರಾ ಇಳಿದರೆ ಮುಳ್ಳಿನ ಸರಸರ ಸದ್ದು ಅದನ್ನು ನುಂಗುತ್ತದೆ. ತೀರಾ ಏರಿದರೆ ಗೆರೆ ಪಕ್ಕದ ಗೆರೆಯನ್ನು ಮುಟ್ಟುತ್ತದೆ. ನಡುವೆ ಸಿಗುತ್ತಿದ್ದದ್ದು ಸುಮಾರು 40 ಡೆಸಿಬೆಲ್. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ ಎಂಜಿನಿಯರ್ ತಿರುಪಿನ ಮೇಲೆ ಬೆರಳಿಟ್ಟು ಕೂರುತ್ತಿದ್ದ. ಅದೇ ಕೆಲಸವನ್ನು ತಾನಾಗಿಯೇ ಮಾಡುವ ಯಂತ್ರವೇ ಕಂಪ್ರೆಸರ್. 1937ರ ಹೊತ್ತಿಗೆ ಅಮೆರಿಕದ ರೇಡಿಯೊ ಕೇಂದ್ರಗಳಿಗೆ ವೆಸ್ಟರ್ನ್ ಎಲೆಕ್ಟ್ರಿಕ್ ಅದನ್ನು ಮಾರುತ್ತಿತ್ತು.

ಅಲ್ಲಿಯವರೆಗೆ ಒತ್ತುವುದು ಅನಿವಾರ್ಯವಾಗಿತ್ತು. ವಿಚಿತ್ರವೆಂದರೆ, 1982ರಲ್ಲಿ ಸುಮಾರು 96 ಡೆಸಿಬೆಲ್ ಜಾಗ ಕೊಡುವ ಸಿಡಿ ಬಂದ ಮೇಲೆಯೇ ಒತ್ತುವ ಪೈಪೋಟಿ ಜೋರಾಯಿತು. ಕಾರಣ ನಮ್ಮ ಕಿವಿ. ಸದ್ದು ಹೆಚ್ಚಾದಾಗ ತಳದ ಮತ್ತು ತುದಿಯ ಸ್ವರಗಳು ನಮಗೆ ಇನ್ನಷ್ಟು ಚೆನ್ನಾಗಿ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಒಂದೇ ಹಾಡಿನ ಎರಡು ಪ್ರತಿ ಕೇಳಿಸಿದರೆ, ತುಸು ಜೋರಾದದ್ದೇ 'ಕ್ವಾಲಿಟಿ' ಅನ್ನಿಸುತ್ತದೆ. ಶಿಖರಗಳನ್ನು ತಗ್ಗಿಸಿ ಇಡೀ ಹಾಡನ್ನು ಮೇಲೆತ್ತಿದರೆ ಆಯಿತು! 2008ರ ಮೆಟಾಲಿಕಾ ಆಲ್ಬಮ್ಮಿನ ಹೊತ್ತಿಗೆ ಅಭಿಮಾನಿಗಳೇ ದೂರುವಷ್ಟು ಅದು ಬೆಳೆದಿತ್ತು.

ಒತ್ತುವುದೇ ತಪ್ಪು ಅನ್ನುವವನಲ್ಲ ನಾನು. ಸೂರತ್ತಿನ ರಿಂಗ್ ರೋಡ್ ಟ್ರಾಫಿಕ್ಕಿನಲ್ಲಿ ಕಾರೊಳಗೆ ಮಂದ್ರ ಷಡ್ಜ ಕೇಳಬೇಕೆಂದರೆ ಒತ್ತಲೇಬೇಕು. ಅಹಮದಾಬಾದಿನ ನವರಾತ್ರಿ ಮೈದಾನದಲ್ಲಿ ಸಾವಿರಾರು ಜನರ ಹೆಜ್ಜೆ ತಪ್ಪಬಾರದೆಂದರೂ ಅಷ್ಟೇ. ಆದರೆ ಆಲಾಪದ ಹಳೆಯ ಮುದ್ರಿಕೆಯನ್ನು 'ಶುದ್ಧ' ಮಾಡಿ ಒತ್ತಿದಾಗ, ಪಿಸುಮಾತೂ ಕರೆಯೂ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಉಸ್ತಾದರು ಹತ್ತಿರ ಬರುವುದೂ ಇಲ್ಲ, ದೂರ ಹೋಗುವುದೂ ಇಲ್ಲ. ಹತ್ತು ನಿಮಿಷಕ್ಕೆ ಕಿವಿ ದಣಿಯುತ್ತದೆ.

ಈಗ ಸ್ಟ್ರೀಮಿಂಗ್ ಕಂಪನಿಗಳು ಎಲ್ಲ ಹಾಡುಗಳ ಸರಾಸರಿ ಸದ್ದನ್ನು ಒಂದೇ ಮಟ್ಟಕ್ಕೆ ತರುತ್ತವೆ. ಜೋರಾಗಿ ಒತ್ತಿ ಲಾಭವಿಲ್ಲ. ಈಗಾಗಲೇ ಒತ್ತಿಟ್ಟ ಪ್ರತಿಗಳಿಗೆ ಮಾತ್ರ ಇದರಿಂದ ಏರಿಳಿತ ಮರಳುವುದಿಲ್ಲ. ಅದಕ್ಕೆ ಸವೆಯದ ಅರಗಿನ ತಟ್ಟೆಯನ್ನೇ ಹುಡುಕಿ, ಮತ್ತೆ ಮುಳ್ಳಿಡಬೇಕು.