ಕಂಬಳಿಯ ಬೇರು ಕಾವಲಿನಲ್ಲಿದೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುವುದರ ಜೊತೆಗೆ ಜೀವಿಗಳಲ್ಲಿ ದಯೆ ಇರಬೇಕು ಎಂದೂ ಅವು ಹೇಳುತ್ತವೆ. ನಿಸರ್ಗದೊಡನೆ ಹೊಂದಿ ಬಾಳುವ ವಿಚಾರ ಬಂದಾಗ ನಾವು ಇಂಥ ಉಪದೇಶವನ್ನು ನೆನೆದು ಸುಮ್ಮನಾಗುತ್ತೇವೆ. ಈ ಸೀಮೆಯ ಜನ ಅದನ್ನು ಬದುಕಿದ್ದು ಹೇಗೆ ಎಂದು ತಿಳಿಯಲು ಅವರ ಕಸುಬುಗಳನ್ನು ನೋಡಬೇಕು.

ಚಳ್ಳಕೆರೆಯ ಕಂಬಳಿಯನ್ನೇ ತೆಗೆದುಕೊಳ್ಳಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಬೆಳೆ ಕೈಕೊಟ್ಟರೂ ಇಲ್ಲಿ ಹುಲ್ಲು ಚಿಗುರುತ್ತದೆ. ಹುಲ್ಲಿದ್ದರೆ ಕುರಿ ಬದುಕುತ್ತದೆ. ಕುರುಬ ಸಮುದಾಯದವರು ಕುರಿಯ ಉಣ್ಣೆ ಕತ್ತರಿಸುತ್ತಾರೆ, ಹೆಂಗಸರು ನೂಲುತ್ತಾರೆ, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಮಗ್ಗಕ್ಕೆ ಏರಿಸುತ್ತಾರೆ. ಕರಿ ಕುರಿಯ ಉಣ್ಣೆಗೆ ಬಣ್ಣ ಬೇಕಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗಾರನಿಗೆ ಕಾಳುಕಡ್ಡಿ. ಹೀಗೆ ಒಬ್ಬರ ಕಸುಬು ಇನ್ನೊಬ್ಬರ ಹೊಲವನ್ನು ಕಾಯುತ್ತದೆ.

ಇದೇ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ನೇಗಿಲಿಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಮೇಯಿಸಲು ಕಿಲಾರಿ ಇರುತ್ತಾನೆ. ಯಾವ ಹಳ್ಳದಲ್ಲಿ ನೀರು ನಿಂತಿದೆ, ಎಲ್ಲಿ ಹುಲ್ಲು ಉಳಿದಿದೆ ಎಂಬುದು ಅವನ ವಿದ್ಯೆ.

ಈ ಎರಡೂ ವಿದ್ಯೆಗಳು ನಿಂತಿರುವುದು ಕಾವಲುಗಳ ಮೇಲೆ. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅರಮನೆಯ ದನಗಳಿಗಾಗಿ ಬಿಟ್ಟ ಹುಲ್ಲುಗಾವಲಿನಲ್ಲಿ ಸುತ್ತಲ ಹಳ್ಳಿಗಳ ಕುರಿದನಗಳೂ ಮೇದವು, ಕೃಷ್ಣಮೃಗಗಳೂ ಉಳಿದವು. 2008ರ ನಂತರದ ವರ್ಷಗಳಲ್ಲಿ ಚಳ್ಳಕೆರೆಯ ಇಂಥ ಕಾವಲುಗಳ ಸುಮಾರು 10,000 ಎಕರೆ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಅಣುಸಂಶೋಧನಾ ಕೇಂದ್ರ ಮುಂತಾದವುಗಳ ಪಾಲಾಯಿತು. ಗೋಡೆಗಳು ಎದ್ದವು. ದೊಡ್ಡಉಳ್ಳಾರ್ತಿ ಮತ್ತು ಸುತ್ತಲಿನ ಊರುಗಳ ಜನ ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು.

ದೇಶಕ್ಕೆ ಪ್ರಯೋಗಾಲಯ ಬೇಡ ಎಂದು ಯಾರೂ ಹೇಳಲಾರರು. ಆದರೆ ಹುಲ್ಲುಗಾವಲನ್ನು ಖಾಲಿ ಬಿದ್ದ ಜಾಗ ಎಂದು ಕಾಣುವ ಕಣ್ಣಿಗೆ ಅಲ್ಲಿ ನಡೆಯುವ ದುಡಿಮೆ ಕಾಣುವುದೇ ಇಲ್ಲ. ಇನ್ನೊಂದು ಕಡೆ ನಾವು ಪಾರಂಪರಿಕ ಕೌಶಲ ಉಳಿಸಬೇಕೆಂದು ತರಬೇತಿ ಕೊಡುತ್ತೇವೆ, ಮೇಳ ನಡೆಸುತ್ತೇವೆ. ಮಗ್ಗವನ್ನು ಎಲ್ಲಿಗಾದರೂ ಸಾಗಿಸಬಹುದು. ಕುರಿ ಮೇಯುವ ನೆಲವನ್ನು ಸಾಗಿಸಲಾಗದು. ಆದ್ದರಿಂದ ಈ ಕಸುಬುಗಳ ಚರಿತ್ರೆ ಬರೆಯುವವರು ಮಗ್ಗದ ಜೊತೆಗೆ ಕಾವಲಿನ ಪಹಣಿಯನ್ನೂ ಓದಬೇಕು; ಉಳಿದಿರುವ ಕಾವಲುಗಳಲ್ಲಿ ಕುರಿಗಾರರ, ಕಿಲಾರಿಗಳ ಮೇವಿನ ಹಕ್ಕು ದಾಖಲೆಗೆ ಬರಬೇಕು.