ಸುರಪುರದಿಂದ ವಿಮಾ ಕಂಪನಿಗೆ ಎಷ್ಟು ದೂರ?

ಸುರಪುರ ಅಂದ್ರೆ ಎಲ್ಲರಿಗೂ ನೆನಪಾಗೋದು 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕ. ನಾನು ಹೇಳಹೊರಟಿರೋದು ಸಣ್ಣದೊಂದು ಇತಿಹಾಸ: ಕ್ಲೇಮು ತಳ್ಳಿಹಾಕಿದ ವಿಮಾ ಕಂಪನಿಯ ಮೇಲೆ ನಮ್ಮೂರಿನವರು ದೂರು ಕೊಡೋಕೆ ಎಲ್ಲಿಗೆ ಹೋಗಬೇಕಿತ್ತು ಅನ್ನೋದು.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಿಲ್ಲೆಗೊಂದು ವೇದಿಕೆ ಕೊಟ್ಟಿತು. ಆದ್ರೆ ನಮ್ಮ ಜಿಲ್ಲಾಕೇಂದ್ರ ಆಗ ಗುಲ್ಬರ್ಗ. ಯಾದಗಿರಿ ಜಿಲ್ಲೆಯಾಗಿದ್ದು 2009ರ ಡಿಸೆಂಬರ್ 30ಕ್ಕೆ.

ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸೋನಿಕ್ ಸರ್ಜಿಕಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬೆಂಕಿ ಬಿದ್ದದ್ದು ಅಂಬಾಲಾದ ಗೋದಾಮಿಗೆ, ಪಾಲಿಸಿ ಮಾಡಿಸಿದ್ದೂ ಅಲ್ಲೇ. ನ್ಯಾಷನಲ್ ಇನ್ಶೂರೆನ್ಸಿನ ಶಾಖೆ ಇದೆ ಅನ್ನೋ ಒಂದೇ ಕಾರಣಕ್ಕೆ ಚಂಡೀಗಢದಲ್ಲಿ ದೂರು ನಡೆಯೋದಿಲ್ಲ ಅಂದಿತು.

ಇದರಿಂದ ನಮಗೇನು ಅಂತೀರಾ? ದುಡಿಯೋಕೆ ಬೆಂಗಳೂರಿಗೆ ಬಂದ ಸುರಪುರದವನು ಇಲ್ಲೇ ಪಾಲಿಸಿ ಮಾಡಿಸಿ, ನಷ್ಟವೂ ಇಲ್ಲೇ ಆಗಿ, ಆಮೇಲೆ ಊರು ಸೇರಿದ ಅನ್ನಿ. ಅವನು ಪ್ರತಿ ವಾಯಿದೆಗೂ ಬಸ್ಸು ಹತ್ತಿ ಬರಬೇಕಿತ್ತು. ಕಂಪನಿಗೆ ವಕೀಲರು ಇರ್ತಾರೆ, ಇವನಿಗೆ ಆ ದಿನದ ಕೂಲಿ ಹೋಗುತ್ತೆ. ಎಷ್ಟೋ ಜನ ಅಲ್ಲಿಗೇ ಕೈಬಿಡೋದು ಸಹಜ.

2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯ್ದೆ ಇದನ್ನ ತಿರುಗಿಸಿತು. ದೂರುದಾರ ವಾಸವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯೇ ಅಲ್ಲಿಗೆ ಬರಬೇಕು.

ಹಾಗಾಗಿ ತಿರಸ್ಕಾರದ ಪತ್ರ ಬಂದ್ರೆ ಹರಿದು ಬಿಸಾಡಬೇಡಿ ಅಂತ ಊರಿನವರಿಗೆ ಹೇಳಿ. ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.