ನಾರುಹುಣ್ಣು ಹೋಯಿತು, ಆಮಶಂಕೆ ಉಳಿಯಿತು

ಪಾವಗಡ ತಾಲ್ಲೂಕಿನ ಮೂರು ದಿಕ್ಕಿಗೂ ಆಂಧ್ರವಿದೆ. ಕ್ಯಾತಗಾನಚೆರ್ಲು ಎಂಬ ನಮ್ಮ ಕಡೆಯ ಊರಿನ ಹೆಸರಿನಲ್ಲೇ ತೆಲುಗಿನ ‘ಚೆರುವು’ ಕೇಳಿಸುತ್ತದೆ. ಇಂಥಲ್ಲಿ ರೋಗಗಳಿಗೂ ಎರಡೆರಡು ಹೆಸರು. ನಮ್ಮ ನಾರುಹುಣ್ಣು ತೆಲುಗಿನಲ್ಲಿ ನಾರಿಕುರುಪು; ನಮ್ಮ ಆಮಶಂಕೆ ಅಲ್ಲಿ ಜಿಗಟ ವಿರೇಚನಾಲು. ಕಾಯಿಲೆಗಳ ಚರಿತ್ರೆ ಓದುವ ನನಗೆ ಇಲ್ಲೊಂದು ಸುಳಿವು ಕಾಣುತ್ತದೆ. ಮೊದಲ ಜೋಡಿಯಲ್ಲಿ ನಾರಿನಂಥ ಹುಳವೇ ಇದೆ. ಎರಡನೆಯದರಲ್ಲಿ ಹುಳದ ಸುದ್ದಿಯಿಲ್ಲ. ಆಮ ಬೀಳುವ, ಮತ್ತೆ ಮತ್ತೆ ಶಂಕೆಯಾಗುವ ಪಾಡಷ್ಟೇ ಇದೆ. ಎರಡೂ ಭಾಷೆಗಳು ಕಣ್ಣಿಗೆ ಕಂಡದ್ದಕ್ಕೆ ಹೆಸರಿಟ್ಟವು.

ಕಂಡ ಹುಳವನ್ನು ನಾವು ಗೆದ್ದೆವು. ಮೆಟ್ಟಿಲುಬಾವಿಯ ನೀರಿನ ಜೊತೆ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ ಹೊಟ್ಟೆ ಸೇರಿದರೆ, ಅದರೊಳಗಿನ ಮರಿಹುಳ ಸುಮಾರು ಒಂದು ವರ್ಷದ ನಂತರ ಮೀಟರಿನಷ್ಟು ಉದ್ದವಾಗಿ, ಹೆಚ್ಚಾಗಿ ಕಾಲಿನಿಂದ, ಹೊರಬರುತ್ತಿತ್ತು. ಆ ಕಾಲನ್ನು ಬಾವಿಗಿಳಿಸಿದರೆ ನೀರಿಗೆ ಮತ್ತೆ ಮರಿಗಳು. ಸೈಕ್ಲಾಪ್ಸ್‌ನ ಪಾತ್ರವನ್ನು ರಷ್ಯಾದ ಫೆಡ್ಚೆಂಕೊ 1870ರಲ್ಲೇ ಕಂಡಿದ್ದ. ಭಾರತದ ನಿರ್ಮೂಲನಾ ಕಾರ್ಯಕ್ರಮ ಶುರುವಾದದ್ದು 1983–84ರಲ್ಲಿ. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಆಂಧ್ರವೂ ಇದ್ದವು. ಲಸಿಕೆ ಇರಲಿಲ್ಲ, ಹುಳ ಕೊಲ್ಲುವ ಔಷಧಿಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದರು, ಮೆಟ್ಟಿಲುಬಾವಿಗಳನ್ನು ಸೇದುಬಾವಿ ಮಾಡಿದರು, ಕೊಳವೆಬಾವಿ ಕೊರೆದರು, ನೀರಿಗೆ ಟೆಮೆಫಾಸ್ ಹಾಕಿದರು. ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ಘೋಷಿಸಿತು.

ಕಾಣದವುಗಳ ಕಥೆ ಬೇರೆ. 1681ರಲ್ಲಿ ಡಚ್ಚರ ಲೇವೆನ್‌ಹುಕ್ ತನ್ನದೇ ಭೇದಿಯನ್ನು ಮಸೂರದಡಿ ಇಟ್ಟು, ಓಡಾಡುವ ಜೀವಿಗಳನ್ನು ಕಂಡ; ಅವು ಜಿಯಾರ್ಡಿಯಾ ಎಂದು ಇಂದಿನವರ ಊಹೆ. ರಕ್ತಭೇದಿಯ ರೋಗಿಯೊಬ್ಬನಲ್ಲಿ ಲ್ಯೋಶ್ ಅಮೀಬಾವನ್ನು ಕಂಡದ್ದು 1875ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1912ರಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸ್ ಎಮೆಟಿನ್ ಚುಚ್ಚುಮದ್ದಿನಿಂದ ಅದಕ್ಕೆ ಚಿಕಿತ್ಸೆ ಮಾಡಿದ. ನಮ್ಮ ವೈದ್ಯರು ಅಮೀಬಾವನ್ನು ಕಾಣದೆಯೇ, ಶತಮಾನಗಳ ಕಾಲ, ಕೊಡಸಿಗೆಯ ತೊಗಟೆಯನ್ನು ಅತಿಸಾರಕ್ಕೆ ಕೊಡುತ್ತಿದ್ದರು.

ನಾರುಹುಣ್ಣಿಗೆ ಸಾಕಾದ ಬಟ್ಟೆ ಇಲ್ಲಿ ಸಾಲದು. ಸೈಕ್ಲಾಪ್ಸ್ ಮಿಲಿಮೀಟರಿನ ಲೆಕ್ಕದ್ದು, ಬಟ್ಟೆಗೆ ಸಿಗುತ್ತದೆ. ಅಮೀಬಾದ ಕೋಶ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು, ನುಸುಳಿಬಿಡುತ್ತದೆ. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೂ ಅದು ಸುಲಭಕ್ಕೆ ಬಗ್ಗದು; ಕುದಿಸಿದರೆ ಸಾಯುತ್ತದೆ. ಹುಳ ಹೊರಬಂದ ಕಾಲನ್ನು ಊರೇ ನೋಡುತ್ತಿತ್ತು. ಅಮೀಬಾ ಹೊತ್ತವನು ಆರೋಗ್ಯವಾಗಿಯೇ ಓಡಾಡುತ್ತಿರಬಹುದು. ಅವನ ಮಲದಿಂದ ನೀರಿಗೆ, ಕೈಗೆ, ಹಸಿ ತರಕಾರಿಗೆ, ಅಲ್ಲಿಂದ ಇನ್ನೊಬ್ಬರ ಬಾಯಿಗೆ ದಾರಿ ಹಲವು.

ಹೆಸರಿನ ಗೊಂದಲದಿಂದ ಇವತ್ತಿಗೂ ತೊಂದರೆಯಿದೆ. 2015ರಿಂದ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ಜಂತು, ಕೊಕ್ಕೆಹುಳು, ಚಾವಟಿಹುಳುಗಳಿಗೆ ಅದು ಮದ್ದು. ಆ ಒಂದು ಮಾತ್ರೆ ಅಮೀಬಾವನ್ನು ಕೊಲ್ಲುವುದಿಲ್ಲ. ಮಗುವಿಗೆ ಭೇದಿಯಾದಾಗ “ಹುಳದ ಮಾತ್ರೆ ಹಾಕಿಸಿದ್ದೀವಲ್ಲ” ಎಂದು ಸುಮ್ಮನಿರುವಂತಿಲ್ಲ. ಎಲ್ಲ ಭೇದಿಗೂ ಪರಾವಲಂಬಿಯೇ ಕಾರಣವಲ್ಲ; ಮಕ್ಕಳಲ್ಲಿ ವೈರಾಣುಗಳ ಪಾಲೂ ದೊಡ್ಡದು. ಕಾರಣ ಏನೇ ಇರಲಿ, ಮೊದಲು ಓಆರ್‌ಎಸ್ ಕುಡಿಸಬೇಕು. ರಕ್ತ ಕಂಡರೆ, ದಿನಗಟ್ಟಲೆ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಅಮೀಬಾವೋ ಅಲ್ಲವೋ ತಿಳಿಯಲು ಮಲಪರೀಕ್ಷೆ ಬೇಕು.

ಪಾವಗಡದಲ್ಲಿ ನೀರೆಂದರೆ ಇಂದು ಎಲ್ಲರಿಗೂ ಫ್ಲೋರೈಡ್‌ನ ಚಿಂತೆ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ಕ್ಯಾನುಗಳು ಸಾಲುಗಟ್ಟುತ್ತವೆ. ಬಾಗಿದ ಕಾಲು, ಕಲೆಬಿದ್ದ ಹಲ್ಲು ಕಣ್ಣಿಗೆ ಕಾಣುತ್ತವೆ. ಅದಕ್ಕಾಗಿ ಜನ ದನಿಯೆತ್ತಿದರು. ಘಟಕದಿಂದ ಮನೆಗೆ ಬಂದ ಮೇಲೆ ಆ ಕ್ಯಾನಿನ ಒಳಗೋಡೆ ಹೇಗಿದೆ, ಅದಕ್ಕೆ ಅದ್ದುವ ಲೋಟವನ್ನು ಹಿಡಿದ ಕೈ ಸೋಪು ಕಂಡಿತ್ತೇ ಎಂಬುದನ್ನು ಯಾರೂ ಕೇಳುವುದಿಲ್ಲ. ಆಮಶಂಕೆಯ ಮುಂದಿನ ಚರಿತ್ರೆ ನಡೆಯುವುದು ಆ ಲೋಟದ ಸುತ್ತಲೇ.